ಅರ್ಗಿರೋಳ ಕಹಿ ಕಾಫಿ

ನಮ್ಮವರ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಹೆಂಗಸರು ಮೊದಲು ಕನ್ನಡಿಗೆ ಬಟ್ಟೆ ಹೊದಿಸುತ್ತಾರೆ, ಆಮೇಲೆ ಸಕ್ಕರೆ ಡಬ್ಬ ಬಚ್ಚಿಡುತ್ತಾರೆ. ಸಾವಿನ ಮನೆಯ ಕಾಫಿ ಕಹಿಯಾಗಿಯೇ ಇರಬೇಕು. ಬಂದುಹೋಗುವವರಿಗೆ ನಲವತ್ತು ದಿನ, ಮನೆಯವರಿಗೆ ಒಂದು ವರ್ಷ. ನನ್ನ ತಮ್ಮ ಲೆಫ್ಟೇರಿಸನ ಹೆಂಡತಿ ಅರ್ಗಿರೋ ಹೋದ ದಿನ ಅವರ ಮನೆಯ ಡಬ್ಬ ಎತ್ತಿದವಳು ನಾನೇ. ನೀಲಿ ಹೂವಿನ ತಗಡಿನ ಡಬ್ಬ. ಅದನ್ನು ಕೋಟಿನೊಳಗೆ ಅಡಗಿಸಿಕೊಂಡು, ಎರಡು ಮನೆಗಳ ನಡುವಿನ ಬೇಲಿಯ ಪುಟ್ಟ ಬಾಗಿಲು ದಾಟಿ, ನನ್ನ ಅಡುಗೆಮನೆಯ ಮೇಲಿನ ಕಪಾಟಿನಲ್ಲಿಟ್ಟೆ. ಕಪಾಟು ಮುಚ್ಚಿ ಅಲ್ಲೇ ನಿಂತು ಅತ್ತೆ. ಆಸ್ಪತ್ರೆಯಲ್ಲಿ ಬಾರದ ಅಳು ಆ ಡಬ್ಬದ ಮುಂದೆ ಬಂತು. ಯಾಕೆ ಎಂಬುದು ನನಗೊಬ್ಬಳಿಗೇ ಗೊತ್ತಿತ್ತು.

ನನ್ನ ಹೆಸರು ಸ್ಟಮಾಟಾ. ಅಂದರೆ 'ಸಾಕು, ನಿಲ್ಲಿಸು' ಎಂದು. ಸಾಲಾಗಿ ಹೆಣ್ಣು ಹುಟ್ಟಿದಾಗ ಅಪ್ಪ ದೇವರಿಗೆ ಕೊಟ್ಟ ಸೂಚನೆ ಅದು. ದೇವರಿಗೆ ಕೇಳಿಸಿತು, ನನ್ನ ಬೆನ್ನಿಗೆ ಲೆಫ್ಟೇರಿಸ್ ಹುಟ್ಟಿದ. ನೀನು ಹುಟ್ಟಿದ್ದೇ ನನ್ನ ಹೆಸರಿನ ಬಲದಿಂದ ಎಂದು ಅವನಿಗೆ ಎಪ್ಪತ್ತು ದಾಟಿದ ಮೇಲೂ ನೆನಪಿಸುತ್ತಿರುತ್ತೇನೆ. ಲಿಮ್ನೋಸ್ ಎಂಬ ಗ್ರೀಕ್ ದ್ವೀಪದಿಂದ ಒಂದೇ ಹಡಗಿನಲ್ಲಿ ಮೆಲ್ಬರ್ನಿಗೆ ಬಂದೆವು. ಅಲ್ಲಿನ ಓಕ್ಲೀ ಬಡಾವಣೆಯಲ್ಲಿ ಅಕ್ಕಪಕ್ಕ ಮನೆ ಮಾಡಿದೆವು. ನನ್ನ ಗಂಡ ಬೇಗ ಹೋದ. ಅಂದಿನಿಂದ ನನ್ನ ಬೆಳಗು ಶುರುವಾಗುತ್ತಿದ್ದುದು ಅರ್ಗಿರೋಳ ಒಲೆಯ ಮುಂದೆ.

ಮಣ್ಣು ಮಾಡಿ ಬಂದ ಮಧ್ಯಾಹ್ನ ನಾನೇ ಕಾಫಿ ಕಾಸಿದೆ. ಲೆಫ್ಟೇರಿಸ್ ಅಡುಗೆಮನೆಯಲ್ಲಿ, ಕಿಟಕಿಯ ಕಡೆ ಮುಖ ಮಾಡಿದ ತನ್ನ ಎಂದಿನ ಕುರ್ಚಿಯಲ್ಲಿ ಕೂತಿದ್ದ. ಒಂದು ಗುಟುಕು ಹೀರಿ ಬಟ್ಟಲು ಕೆಳಗಿಟ್ಟ.

"ಇದಲ್ಲ," ಅಂದ.

"ಯಾವುದಲ್ಲ?"

"ಇದು ಅವಳ ಕಾಫಿ ಅಲ್ಲ ಅಕ್ಕ."

"ಅವಳನ್ನ ಈಗ್ತಾನೆ ಮಣ್ಣಲ್ಲಿಟ್ಟು ಬಂದಿದೀವಿ ಕಣೋ. ಅವಳ ಕಾಫಿ ಎಲ್ಲಿಂದ ಬರತ್ತೆ?"

ಅಂದ ಮೇಲೆ ನನ್ನ ಬಾಯಿಗೆ ನಾನೇ ಬಡಿದುಕೊಳ್ಳಬೇಕೆನಿಸಿತು. ಅವನ ಮಗಳು ಪೋಪಿ ಬಿಕ್ಕಿ ಬಿಕ್ಕಿ ಅತ್ತಳು. ಅವನು ಮಾತ್ರ ಕಿಟಕಿಯಾಚೆ ನಿಂಬೆ ಗಿಡ ನೋಡುತ್ತ ಕೂತ.

ಈಗಿನ ಹುಡುಗರು ಹಾಲಿನ ನೊರೆಯ ಮೇಲೆ ಎಲೆ ಬರೆದುಕೊಡುವ ಕಾಫಿಗೆ ಸಾಲಿನಲ್ಲಿ ನಿಲ್ಲುತ್ತಾರೆ. ನಮ್ಮದು ಹಾಗಲ್ಲ. ಉದ್ದ ಹಿಡಿಯ ಪುಟ್ಟ ಹಿತ್ತಾಳೆ ಪಾತ್ರೆ, ಬ್ರಿಕಿ. ಕುಡಿಯುವ ಬಟ್ಟಲಿನಿಂದಲೇ ಅಳೆದ ತಣ್ಣೀರು, ಹಿಟ್ಟಿನಷ್ಟು ನುಣ್ಣಗೆ ಬೀಸಿದ ಪುಡಿ, ಸಕ್ಕರೆ ಬೇಕಿದ್ದರೆ ಅದೂ ಆಗಲೇ. ಕದಡಿ ಸಣ್ಣ ಉರಿಗಿಟ್ಟ ಮೇಲೆ ಮತ್ತೆ ಚಮಚ ಮುಟ್ಟಿಸಬಾರದು, ಕಣ್ಣು ಬೇರೆ ಕಡೆ ಹೋಗಬಾರದು. ನೊರೆ ಕತ್ತಿನವರೆಗೆ ಏರಿದಾಗ, ಕುದಿಯುವ ಮೊದಲೇ ಇಳಿಸಬೇಕು. ಬಟ್ಟಲಿಗೆ ಸುರಿದ ಮೇಲೆ ಸಕ್ಕರೆ ಹಾಕಿ ಕದಡಿದರೆ ನೊರೆ ಸತ್ತು ಗಸಿ ಮೇಲೇಳುತ್ತದೆ; ಕೆಸರು ಕುಡಿದ ಹಾಗೆ. ಆದ್ದರಿಂದ ನಮ್ಮಲ್ಲಿ 'ಕಾಫಿ ಬೇಕಾ' ಎಂದು ಯಾರೂ ಕೇಳುವುದಿಲ್ಲ, 'ಹೇಗೆ ಕುಡೀತೀರಿ' ಎಂದು ಕೇಳುತ್ತಾರೆ. ಸಿಹಿ, ಮಧ್ಯಮ, ಇಲ್ಲವೇ ಸಕ್ಕರೆಯೇ ಇಲ್ಲದ ಸ್ಕೆಟೊ. ಒಮ್ಮೆ ಹೇಳಿದರೆ ಸಾಯುವವರೆಗೆ ಅದೇ. ನನ್ನದು ಸಿಹಿ. ಬಾಯಿ ಖಾರ ಇದ್ದವರಿಗೆ ಕಾಫಿ ಸಿಹಿ ಬೇಕು ಎಂದು ಅರ್ಗಿರೋ ಕಿಚಾಯಿಸುತ್ತಿದ್ದಳು. ಲೆಫ್ಟೇರಿಸನದು ಸ್ಕೆಟೊ ಎಂದು ಓಕ್ಲೀಯ ಬೆಕ್ಕುಗಳಿಗೂ ಗೊತ್ತು.

ಅದಕ್ಕೊಂದು ಕಾರಣವಿತ್ತು. ನಾವು ಇಲ್ಲಿಗೆ ಬಂದು ಕೆಲವೇ ವರ್ಷಕ್ಕೆ ಊರಿನಲ್ಲಿ ಅಮ್ಮ ತೀರಿಕೊಂಡಳು. ತಂತಿ ಕೈಸೇರುವಷ್ಟರಲ್ಲಿ ಮಣ್ಣಾಗಿಹೋಗಿತ್ತು. ಲೆಫ್ಟೇರಿಸ್ ಅಮ್ಮನ ಮುದ್ದಿನ ಮಗ. ಅಮ್ಮನ ಕಾಫಿ ಪಾಕದಂತೆ ಸಿಹಿ. ಅವಳ ಬಟ್ಟಲಿನ ನೊರೆಯನ್ನು ಬೆರಳಿನಲ್ಲಿ ನೆಕ್ಕಿ ಬೆಳೆದವನು ಅವನು. ಕಾರ್ಖಾನೆಯ ಮಸಿ ಬಟ್ಟೆಯಲ್ಲೇ ಕೂತು, ಕೈಯಲ್ಲಿ ಆ ತಂತಿ ಹಿಡಿದು, ಅಂದು ಅವನು ಹೇಳಿದ: "ಅಮ್ಮನ ಸಮಾಧಿ ಮೇಲೆ ನನ್ನ ಕೈಯಾರೆ ದೀಪ ಹಚ್ಚೋವರೆಗೂ ನನ್ನ ಕಾಫಿಗೆ ಸಕ್ಕರೆ ಬೀಳಲ್ಲ."

ವರ್ಷ ಕಳೆದ ಮೇಲೆ ನಾನು ಸಕ್ಕರೆಗೆ ಮರಳಿದೆ. ಅವಳು ನನಗೂ ಅಮ್ಮನೇ, ಆದರೆ ಬದುಕಿದವರು ಬದುಕಬೇಕಲ್ಲ. ಅವನು ಮರಳಲಿಲ್ಲ. ಬರುವ ಬೇಸಿಗೆಗೆ ಹೋಗುತ್ತೇನೆ ಎಂದ. ಆಮೇಲೆ ಮನೆ ಕಟ್ಟಬೇಕಿತ್ತು, ಆಮೇಲೆ ಪೋಪಿ ಹುಟ್ಟಿದಳು, ಆಮೇಲೆ ಅರ್ಗಿರೋಳ ಮೂತ್ರಪಿಂಡ ಕೆಟ್ಟಿತು. ನಾನೊಮ್ಮೆ ಹೋಗಿ ದೀಪ ಹಚ್ಚಿ ಬಂದು, ನಿನ್ನ ಹೆಸರಲ್ಲೂ ಒಂದು ಹಚ್ಚಿದ್ದೇನೆ ಎಂದೆ. "ಅದು ನಿನ್ನ ದೀಪ," ಎಂದುಬಿಟ್ಟ. ಬರಬರುತ್ತ ಆ ಹರಕೆಯ ಮೇಲೆ ಜಂಭದ ಪೊರೆಯೂ ಬೆಳೆಯಿತು. ಗಂಡಸರೆಲ್ಲ ಇಸ್ಪೀಟು ಆಡುವ ಪಾಂಡೆಲಿಸನ ಕಾಫಿ ಅಂಗಡಿಯಲ್ಲಿ ಕೂತು, "ಸಕ್ಕರೆ ಮಕ್ಕಳಿಗೆ, ಮುದುಕಿಯರಿಗೆ," ಎನ್ನುತ್ತಿದ್ದ.

ಅರ್ಗಿರೋ ನನಗೆ ಆ ಗುಟ್ಟು ಹೇಳಿದ್ದು ಬಟ್ಟೆ ಒಣಹಾಕುವಾಗ, ಬೇಲಿಯ ಆಚೆಯಿಂದ. ಆಗ ನಾವಿಬ್ಬರೂ ಇನ್ನೂ ಕಪ್ಪು ಕೂದಲಿನವರು.

"ಅತ್ತಿಗೆ, ನಾನೊಂದು ಪಾಪ ಮಾಡ್ತಾ ಇದೀನಿ."

"ಯಾವನ ಜೊತೆ?"

"ಅಯ್ಯೋ ಥೂ, ನಿಮ್ಮ ಬಾಯಿಗಷ್ಟು! ನಿಮ್ಮ ತಮ್ಮನ ಕಾಫಿಗೆ ಸಕ್ಕರೆ ಹಾಕ್ತಿದೀನಿ."

ನನ್ನ ಕೈಯಲ್ಲಿದ್ದ ಒದ್ದೆ ಹೊದಿಕೆ ನೆಲಕ್ಕೆ ಬಿತ್ತು.

"ಮೊದಲು ಒಂದು ಚಿಟಿಕೆ," ಅಂದಳು. "ಅವರು ಏನೂ ಅನ್ಲಿಲ್ಲ. ಆಮೇಲೆ ಇನ್ನೊಂದು ಚಿಟಿಕೆ. ನಾನೇನು ಮಾಡ್ಲಿ ಅತ್ತಿಗೆ? ಬೆಳಿಗ್ಗೆ ಎದ್ದು ಮೊದಲು ಬಾಯಿಗೆ ಹೋಗೋದೇ ಸಾವು ಅಂದ್ರೆ ಮನುಷ್ಯ ಹೇಗೆ ಬದುಕ್ತಾನೆ? ಅವರು ಬಟ್ಟಲು ಹಿಡಿದು ಮುಖ ಹಿಂಡಿಕೊಳ್ಳೋದನ್ನ ನೀವು ನೋಡಿಲ್ಲ. ಹರಕೆ ಮುರಿದಿದ್ದು ನಾನು, ಪಾಪ ನಂಗೇ ಬರ್ಲಿ."

"ಅವನಿಗೆ ಗೊತ್ತಾಗಲ್ವೇನೇ?"

"ಅವರು ಕಿಟಕಿ ಕಡೆ ಮುಖ ಮಾಡಿ ಕೂತಿರ್ತಾರೆ. ನಾನು ಡಬ್ಬ ಸದ್ದಾಗದ ಹಾಗೆ ತೆಗೀತೀನಿ. ಈಗ ಒಂದು ಚಮಚಕ್ಕೆ ಬಂದಿದೆ." ಆಮೇಲೆ ನನ್ನ ಕೈ ಹಿಡಿದು, ದೇವಮಾತೆಯ ಆಣೆ ಹಾಕಿಸಿಕೊಂಡಳು. ತಾನು ಸತ್ತರೂ ಅವನಿಗೆ ಹೇಳಬಾರದು. ಇಷ್ಟು ವರ್ಷ ಅಮ್ಮನಿಗೆ ಕೊಟ್ಟ ಮಾತು ತಪ್ಪಿದೆ ಎಂದು ತಿಳಿದರೆ ಅವನು ತಡೆದುಕೊಳ್ಳಲಾರ.

ಆಣೆ ಹಾಕಿದೆ. ಆದರೆ ನಗು ತಡೆಯಲು ಯಾರೂ ಆಣೆ ಹಾಕಿಸಿರಲಿಲ್ಲ. ಹಬ್ಬದ ದಿನ ನೆಂಟರ ಮುಂದೆ ಲೆಫ್ಟೇರಿಸ್ ಬಟ್ಟಲು ಎತ್ತಿ ಹಿಡಿದು, "ನೋಡಿ, ನನ್ನ ಹೆಂಡತಿ ಕೈಯಲ್ಲಿ ಕಹಿನೂ ಸಿಹಿಯಾಗತ್ತೆ! ಆ ಪಾಂಡೆಲಿಸ್ ಕಾಸೋದು ಕಾಫಿನಾ? ಟಾರು!" ಎನ್ನುವಾಗ ನಾವಿಬ್ಬರೂ ಹಿತ್ತಿಲಿಗೆ ಓಡಿ, ಕೋಳಿ ಗೂಡಿನ ಹಿಂದೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಗಂಡಸರ ನಾಲಗೆಗೂ ಬುದ್ಧಿಗೂ ನಡುವೆ ದೇವರು ದಾರಿಯನ್ನೇ ಮಾಡಿಲ್ಲ ಎಂದು ನಾನು ಹೇಳುತ್ತಿದ್ದೆ. ನಕ್ಕು ನಕ್ಕು ಅವಳಿಗೆ ಕಣ್ಣಲ್ಲಿ ನೀರು ಬರುತ್ತಿತ್ತು.

ಅವಳು ಹೋದ ವರ್ಷ ಅವನು ಆ ಕಾಫಿಯ ಹಿಂದೆ ಬಿದ್ದ. ಹುಡುಕಾಟ ನಮ್ಮ ಮನೆಯಿಂದಲೇ ಶುರುವಾಯಿತು. ದಿನಾ ಬೆಳಿಗ್ಗೆ ಬೇಲಿಯ ಬಾಗಿಲು ಕಿರ್ ಎನ್ನುತ್ತಿತ್ತು. ಒಂದು ಗುಟುಕು. "ಇದಲ್ಲ." ನನಗೆ ರೇಗುತ್ತಿತ್ತು. ಪೋಪಿ ಗುಂಡಿ ಒತ್ತಿದರೆ ಕಾಫಿ ಉಗುಳುವ ಯಂತ್ರ ತಂದುಕೊಟ್ಟಳು. "ಅಪ್ಪಾ, ಹದಿನಾರು ಥರ ರುಚಿ ಬರತ್ತೆ," ಅಂದಳು. ಅವನು ಒಂದೊಂದಾಗಿ ಕುಡಿದು ನೋಡಿ, "ಹದಿನಾರೂ ಒಂದೇ ಥರ ಕೆಟ್ಟದಾಗಿದೆ ಮಗಳೇ," ಎಂದು ಯಂತ್ರದ ಮೇಲೆ ಟವೆಲ್ ಹೊದಿಸಿದ.

ಪಾಂಡೆಲಿಸನ ಅಂಗಡಿಗೂ ಹೋದ. ಪಾಂಡೆಲಿಸ್ ಇವನ ದುಃಖ ನೋಡಿ, ಬಿಸಿ ಮರಳಿನಲ್ಲಿ ಬ್ರಿಕಿ ಹೂತು ನಿಧಾನಕ್ಕೆ ಕಾಸಿ ಕೊಟ್ಟ. ಕೈ ಮುಗಿಯುವಂಥ ನೊರೆ ಬಂದಿತ್ತಂತೆ. ಆದರೂ ಕಹಿ ಕಹಿಯೇ. ಎರಡು ಬೀದಿ ಆಚೆಯ ವಿಧವೆ ಕಾಸ್ಯಾನಿ ಲಿಪ್‌ಸ್ಟಿಕ್ ಹಚ್ಚಿಕೊಂಡು, ಬ್ರಿಕಿ ಹಿಡಿದುಕೊಂಡೇ ಬಂದಳು. ಅವಳು ಕಾಸಿದ್ದನ್ನೂ ಒಂದು ಗುಟುಕು ಕುಡಿದು ಇವನು ಥ್ಯಾಂಕ್ಸ್ ಹೇಳಿದ. ಅವಳು ಮತ್ತೆ ಬರಲಿಲ್ಲ. ಸಾವಿನ ಮನೆಗೆ ಸಕ್ಕರೆ ಹಾಕದ ಕಾಫಿಯನ್ನೇ ಅಲ್ಲವೇ ಎಲ್ಲರೂ ಕೊಡುವುದು? ಮೇಲಾಗಿ ಅವನದು ಹೇಗೂ ಸ್ಕೆಟೊ. ಹೀಗೆ ಓಕ್ಲೀಯ ಅಷ್ಟೂ ಒಲೆಗಳು ಸೇರಿ ನನ್ನ ತಮ್ಮನಿಗೆ ಕಹಿ ಕುಡಿಸಿದವು.

ತಾನೇ ಕಾಸಲೂ ನೋಡಿದ. ಹೆಂಡತಿ ಇರುವವರೆಗೆ ಒಲೆ ಹಚ್ಚಿ ಗೊತ್ತಿಲ್ಲದವನು. ಬೇಲಿಯಿಂದ ನೋಡಿದರೆ, ಅರ್ಗಿರೋಳ ಬ್ರಿಕಿ ಹಿಡಿದು ಕಾಫಿ ಉಕ್ಕಿಸಿ, ಒಲೆ ಒರೆಸಿ, ಮತ್ತೆ ಉಕ್ಕಿಸಿ ನಿಂತಿರುತ್ತಿದ್ದ. ಒರಟು ಪುಡಿ ತಂದ, ನುಣುಪು ಪುಡಿ ತಂದ, ಕಡಿಮೆ ಹುರಿದದ್ದು ತಂದ. ಡಾಕ್ಟರ ಹತ್ತಿರ ಹೋಗಿ ನಾಲಗೆ ತೋರಿಸಿದ. ನಾಲಗೆ ಸರಿಯಾಗಿದೆ ಎಂದರಂತೆ. ಸಣ್ಣಗಾದ. ಅಂಗಿಯ ಕಾಲರಿನೊಳಗೆ ಕತ್ತು ಅಲ್ಲಾಡುತ್ತಿತ್ತು.

ಚಳಿಗಾಲದ ಒಂದು ಬೆಳಿಗ್ಗೆ ನಾನು ನಿಂಬೆಹಣ್ಣು ಕೀಳುತ್ತಿದ್ದೆ. ಅವನು ಬೇಲಿಗೆ ಬಂದು ನಿಂತ.

"ಅಕ್ಕ, ಅವಳ ದನಿ ಮರೆತುಹೋಗ್ತಾ ಇದೆ."

ನಾನು ಕೊಯ್ಯುವುದನ್ನು ನಿಲ್ಲಿಸಿದೆ.

"ಮೊನ್ನೆ ನೆನಪು ಮಾಡ್ಕೊಳ್ಳೋಕೆ ನೋಡಿದೆ, 'ಲೆಫ್ಟೇರಿ, ಊಟಕ್ಕೆ ಬನ್ನಿ' ಅಂತ ಅವಳು ಹೇಗೆ ಕರೀತಿದ್ಲು ಅಂತ. ಪೋಪಿ ದನಿಯಲ್ಲಿ ಕೇಳಿಸ್ತು. ಅವಳ ದನಿಯಲ್ಲಿ ಕೇಳಿಸ್ಲಿಲ್ಲ. ದನಿ ಹೋಯ್ತು. ನಾಲಗೆಯಾದ್ರೂ ಅವಳನ್ನ ನೆನಪಿಟ್ಕೊಂಡಿರ್ಲಿ ಅಂದ್ರೆ... ಒಂದೇ ಒಂದು ಸಲ ಆ ಕಾಫಿ ಕುಡಿದ್ರೆ ಸಾಕು ಅಕ್ಕ. ಇನ್ನೇನೂ ಬೇಡ ನಂಗೆ."

ನನ್ನ ಮೇಲಿನ ಕಪಾಟಿನಲ್ಲಿತ್ತು ಅವನಿಗೆ ಬೇಕಾದದ್ದು. ಕೈ ಚಾಚಿದರೆ ಸಿಗುತ್ತಿತ್ತು. ಆದರೆ ವರ್ಷ ತುಂಬದೆ ಆ ಡಬ್ಬ ತೆಗೆದರೆ ಸತ್ತವಳಿಗೆ ಅವಮಾನ, ಹೇಳಿದರೆ ಸತ್ತವಳಿಗೆ ಕೊಟ್ಟ ಆಣೆ ಮುರಿದ ಹಾಗೆ. ಉಗುಳಲಾರದ, ನುಂಗಲಾರದ ಬಿಸಿ ತುಪ್ಪ. ನಾನು ನಾಲ್ಕು ನಿಂಬೆಹಣ್ಣು ಅವನ ಕೈಗೆ ತುರುಕಿ, "ಒಳಗೆ ಹೋಗು, ಶೀತ ಆಗತ್ತೆ," ಎಂದು ಗದರಿದೆ. ನನ್ನ ಮೇಲೆ ನನಗೇ ಸಿಟ್ಟು ಬಂತು. ಅರ್ಗಿರೋಳ ಮೇಲೂ ಬಂತು. ಹೋಗುವವಳು ಗುಟ್ಟನ್ನೂ ಜೊತೆಗೆ ಒಯ್ಯಬೇಕಿತ್ತು, ನನ್ನ ಕೊರಳಿಗೆ ಕಟ್ಟಿ ಹೋಗಬಾರದಿತ್ತು.

ಮತ್ತೆ ಎಲೆ ಉದುರುವ ಕಾಲ ಬಂತು. ವರ್ಷದ ಪೂಜೆಗೆ ನಾನೂ ಪೋಪಿಯೂ ಗೋಧಿ ಬೇಯಿಸಿ, ದಾಳಿಂಬೆ, ಬಾದಾಮಿ ಬೆರೆಸಿ, ಮೇಲೆ ಬಿಳಿ ಸಕ್ಕರೆ ಪುಡಿಯನ್ನು ದಪ್ಪಗೆ ಹಾಸಿ ಚರ್ಚಿಗೆ ಒಯ್ದೆವು. ಸತ್ತವರ ಗೋಧಿಗೆ ಅಷ್ಟು ಸಕ್ಕರೆ, ಬದುಕಿದವರ ಬಟ್ಟಲಿಗೆ ಒಂದು ಹರಳೂ ಇಲ್ಲ. ನಮ್ಮ ಹಿರಿಯರಿಗೂ ತಲೆ ನೆಟ್ಟಗಿತ್ತೋ ಇಲ್ಲವೋ. ಪಾದ್ರಿ ಅರ್ಗಿರೋಳ ಹೆಸರು ಓದಿದಾಗ ಲೆಫ್ಟೇರಿಸ್ ಮೇಣದ ಬತ್ತಿಯನ್ನೇ ನೋಡುತ್ತಿದ್ದ.

ಮರುದಿನ ಬೆಳಿಗ್ಗೆ ಕಪಾಟಿನಿಂದ ನೀಲಿ ಹೂವಿನ ಡಬ್ಬ ಇಳಿಸಿದೆ. ಸಕ್ಕರೆ ಸ್ವಲ್ಪ ಗಟ್ಟಿಯಾಗಿತ್ತು, ಚಮಚದ ಹಿಡಿಯಿಂದ ಒಡೆದೆ. ಡಬ್ಬವನ್ನು ಕೋಟಿನೊಳಗೆ ಇಟ್ಟುಕೊಂಡು, ಬೇಲಿಯ ಬಾಗಿಲು ದಾಟಿ ಅವನ ಅಡುಗೆಮನೆಗೆ ಹೋದೆ. ವರ್ಷ ಮುಗಿದಿತ್ತು, ಇನ್ನು ಸತ್ತವಳು ಮುನಿಯಲಾರಳು. ಆಣೆ ಹಾಕಿದ್ದು ಹೇಳುವುದಿಲ್ಲ ಎಂದು, ಹಾಕುವುದಿಲ್ಲ ಎಂದಲ್ಲ. ಇಷ್ಟು ಸುಲಭದ ಉಪಾಯ ಮುದಿತಲೆಗೆ ಹೊಳೆಯಲು ಒಂದು ವರ್ಷ ಬೇಕಾಯಿತು.

ಅವನು ಕುರ್ಚಿಯಲ್ಲಿ ಕೂತಿದ್ದ, ಕಿಟಕಿಯ ಕಡೆ ಮುಖ.

"ಇವತ್ತು ನಿನ್ನ ಮನೆಯಲ್ಲೇ ಕಾಸ್ತೀನಿ," ಅಂದೆ. "ಅವಳ ಬ್ರಿಕಿಯಲ್ಲಿ."

"ಹೂಂ."

"ಹೇಗೆ ಕುಡೀತೀಯ?" ಬೇಕೆಂದೇ ಕೇಳಿದೆ.

"ಇದೇನು ಹೊಸದಾಗಿ? ಸ್ಕೆಟೊ."

ಅವನಿಗೆ ಬೆನ್ನು ಮಾಡಿ ನಿಂತೆ. ಬಟ್ಟಲಿನಿಂದ ನೀರು ಅಳೆದು ಸುರಿದೆ, ಪುಡಿ ಹಾಕಿದೆ. ಡಬ್ಬದ ಮುಚ್ಚಳವನ್ನು ಉಗುರಿನಿಂದ ಎಬ್ಬಿಸಿ, ಸದ್ದಾಗದಂತೆ ಒಂದು ಚಮಚ ಸಕ್ಕರೆ ಹಾಕಿದೆ. ಅರ್ಗಿರೋ ದಿನಾ ಬೆಳಿಗ್ಗೆ ಹೀಗೇ ನಿಲ್ಲುತ್ತಿದ್ದಳಲ್ಲ, ಇದೇ ಒಲೆಯ ಮುಂದೆ, ಹೀಗೇ ಉಸಿರು ಹಿಡಿದು. ನೊರೆ ಏರಿತು. ಇಳಿಸಿದೆ. ಪಕ್ಕದಲ್ಲಿ ತಣ್ಣೀರಿನ ಲೋಟ ಇಟ್ಟು, ಬಟ್ಟಲು ಅವನ ಮುಂದಿಟ್ಟೆ.

ಅವನು ಸೊರ್ ಎಂದು ಹೀರಿದ. ಬಟ್ಟಲು ಕೆಳಗಿಡಲಿಲ್ಲ. ಎರಡು ಕೈಯಲ್ಲೂ ಹಿಡಿದುಕೊಂಡ. ಮತ್ತೊಂದು ಗುಟುಕು. ಅವನ ಕೆನ್ನೆಯ ಮೇಲೆ ನೀರು ಇಳಿಯಿತು, ಒರೆಸಿಕೊಳ್ಳಲೂ ಇಲ್ಲ. ಸದ್ಯ, ಅವಳು ಬಂದಳು ಎಂದುಕೊಂಡೆ.

ಗಸಿಯವರೆಗೆ ಕುಡಿದು ಮುಗಿಸಿದ ಮೇಲೆ ಅವನು ಮೆಲ್ಲಗೆ ಹೇಳಿದ:

"ಅರ್ಧ ಚಮಚ ಕಡಿಮೆಯಾಯ್ತು ಅಕ್ಕ."

"ಏನು ಕಡಿಮೆ?"

"ನೀನು ಒಂದು ಹಾಕಿದೀಯ. ಅವಳು ಒಂದೂವರೆ ಹಾಕ್ತಿದ್ಲು."

ನಾನು ಸ್ಟೂಲು ಎಳೆದುಕೊಂಡು ಅವನೆದುರು ಕೂತೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತಿದೆ ಎಂದು ಇಷ್ಟು ವರ್ಷ ನಾವಿಬ್ಬರೂ ನಕ್ಕಿದ್ದೆವಲ್ಲ, ಆ ಬೆಕ್ಕು ಯಾರು ಎಂದು ಆಗ ಗೊತ್ತಾಯಿತು.

"ಯಾವಾಗಿಂದ ಗೊತ್ತು ನಿಂಗೆ?"

"ಮೊದಲನೇ ಚಿಟಿಕೆಯಿಂದ. ನಾನು ಯಾರ ಬಟ್ಟಲು ನೆಕ್ಕಿ ಬೆಳೆದವನು ಅಂತ ಮರೆತ್ಯಾ? ಸಕ್ಕರೆ ಗೊತ್ತಾಗಲ್ವಾ ನಂಗೆ?"

"ಮತ್ತೆ ಬಾಯಿ ಬಿಡೋಕೆ ಏನಾಗಿತ್ತು ದೊಡ್ಡ ರೋಗ?"

"ಬಾಯಿ ಬಿಟ್ರೆ ಹರಕೆ ಅಡ್ಡ ಬರ್ತಿತ್ತು. ಬೇಡ ಅನ್ನಬೇಕಾಗ್ತಿತ್ತು. ಬೇಡ ಅಂದ್ರೆ ಅವಳು ನಿಲ್ಲಿಸ್ತಿದ್ಲು." ಬಟ್ಟಲನ್ನು ಬೆರಳಲ್ಲಿ ತಿರುಗಿಸಿದ. "ಈ ಕುರ್ಚಿ ಮೊದಲು ಒಲೆ ಕಡೆ ಮುಖ ಮಾಡಿತ್ತು, ನೆನಪಿದೆಯಾ? ನಾನೇ ತಿರುಗಿಸಿದ್ದು. ಪಾಪ, ನಾನು ನೋಡ್ತಾ ಇದ್ರೆ ಅವಳಿಗೆ ಡಬ್ಬ ತೆಗೆಯೋಕೆ ಆಗ್ತಿರ್ಲಿಲ್ಲ."

ನನಗೆ ಅಳುವೂ ಬಂತು, ರೇಗಿಯೂ ಹೋಯಿತು. "ಹಾಗಾದ್ರೆ ಒಂದು ವರ್ಷ ಮನೆಮನೆಗೆ ಹೋಗಿ ಕಹಿ ಕುಡಿದು ಪ್ರಾಣ ತೆಗೆದ್ಯಲ್ಲೋ! ಒಂದೂವರೆ ಚಮಚ ನೀನೇ ಹಾಕ್ಕೊಂಡು ಕುಡಿದಿದ್ರೆ ಆಗ್ತಿರ್ಲಿಲ್ವಾ?"

"ಒಂದು ದಿನ ಹಾಕ್ಕೊಂಡೆ ಅಕ್ಕ. ಅಂಗಡಿಯಿಂದ ಸಕ್ಕರೆ ತಂದು." ಅವನು ತಲೆ ಅಲ್ಲಾಡಿಸಿದ. "ಬರೀ ಸಿಹಿ ಕಾಫಿ ಆಗಿತ್ತು. ಅಮ್ಮನ ಮುಖ ಕಣ್ಣಮುಂದೆ ಬಂತು, ಬಚ್ಚಲಿಗೆ ಚೆಲ್ಲಿದೆ. ಯಾರಾದ್ರೂ ನಂಗೆ ಹೇಳ್ದೆ ಹಾಕಬೇಕಿತ್ತು. ನಿಂಗೆ ಗೊತ್ತಿರತ್ತೆ ಅಂತ ನಂಗೆ ಗೊತ್ತಿತ್ತು. ನೀವಿಬ್ರೂ ಕೋಳಿ ಗೂಡಿನ ಹಿಂದೆ ಏನು ನಗ್ತಿದ್ರಿ ಅಂತ ಇಡೀ ಬೀದಿಗೆ ಕೇಳಿಸ್ತಿತ್ತು. ಅದಕ್ಕೇ ದಿನಾ ಮೊದಲು ನಿನ್ನ ಮನೆಗೇ ಬರ್ತಿದ್ದೆ."

ಒಂದು ವರ್ಷ, ಪ್ರತಿ ಬೆಳಿಗ್ಗೆ, ನನ್ನ ಕಪಾಟಿನ ಕೆಳಗೆ ಕೂತು ಅವನು ಕಾದಿದ್ದ. ನಾನು ಧರ್ಮ ಪಾಲಿಸುತ್ತಿದ್ದೆ.

ಆಮೇಲೆ ಆ ಪ್ರಶ್ನೆ ನನ್ನ ಬಾಯಿಗೆ ಬಂತು, ತಡೆಯುವ ಮೊದಲೇ ಆಚೆಗೂ ಬಿತ್ತು.

"ನಿಂಗೆ ಗೊತ್ತಿದೆ ಅಂತ ಅವಳಿಗೆ ಗೊತ್ತಿತ್ತಾ?"

ಅವನು ಬಟ್ಟಲಿನ ತಳದ ಗಸಿಯನ್ನೇ ನೋಡುತ್ತಿದ್ದ.

"ಆಸ್ಪತ್ರೆಯಲ್ಲಿ ಕೇಳೋಣ ಅಂತಿದ್ದೆ," ಅಂದ. "ನಾಳೆ ಮನೆಗೆ ಬರ್ತಾಳಲ್ಲ, ಕಾಫಿ ಕೊಡುವಾಗ ಕೇಳಿದ್ರಾಯ್ತು ಅಂದ್ಕೊಂಡೆ."

ಬಟ್ಟಲು ತೊಳೆದಿಟ್ಟೆ. ನೀಲಿ ಹೂವಿನ ಡಬ್ಬವನ್ನು ಅದು ಮೊದಲಿದ್ದ ಜಾಗದಲ್ಲೇ, ಒಲೆಯ ಬಲಕ್ಕೆ ಇಟ್ಟು ಮನೆಗೆ ಬಂದೆ. ಆ ದಿನವೆಲ್ಲ ನನಗೆ ಕೆಲಸದ ಮೇಲೆ ಮನಸ್ಸು ನಿಲ್ಲಲಿಲ್ಲ. ಅವಳಿಗೆ ಗೊತ್ತಿದ್ದಿರಬೇಕು ಎಂದು ಒಮ್ಮೆ ಅನಿಸಿತು. ಗೊತ್ತಿದ್ದರೆ ಹಿತ್ತಿಲಲ್ಲಿ ಅಷ್ಟು ಬಿದ್ದು ಬಿದ್ದು ನಗುತ್ತಿದ್ದಳೇ ಎಂದೂ ಅನಿಸಿತು. ನನಗೂ ಕೇಳಲು ಅವಳಿಲ್ಲ.

ಮಾರನೆಯ ಬೆಳಿಗ್ಗೆ ನಾನೇ ಬೇಲಿಯ ಬಾಗಿಲು ದಾಟಿ ಹೋದೆ. ಅವನು ಆಗಲೇ ಎದ್ದು ಕೂತಿದ್ದ. ಮುಖ ಕ್ಷೌರ ಮಾಡಿಕೊಂಡಿದ್ದ. ಬಟ್ಟಲು ತೊಳೆದು ಒಲೆಯ ಪಕ್ಕ ಇಟ್ಟಿದ್ದ.

"ಹೇಗೆ ಕುಡೀತೀಯ?" ಅಂದೆ.

"ಸ್ಕೆಟೊ," ಅಂದ.

ನಾನು ಡಬ್ಬದ ಕಡೆ ಕೈ ಚಾಚಿದೆ. ಅವನು ಕುರ್ಚಿಯನ್ನು ಇನ್ನಷ್ಟು ಕಿಟಕಿಯ ಕಡೆ ತಿರುಗಿಸಿಕೊಂಡು, ನಿಂಬೆ ಗಿಡ ನೋಡತೊಡಗಿದ.